ಬಿಳಿ ಬಟ್ಟಲಿನ ಬಿಳಿ ಮಜ್ಜಿಗೆ

ನಾರಾಯಣಪೇಟೆ, ಜೂನ್ 2, 2014, ಸೋಮವಾರ

ಇವತ್ತು ತೆಲಂಗಾಣ ರಾಜ್ಯ ಹುಟ್ಟಿತು. ನಮ್ಮ ಮನೆಯ ಮಟ್ಟಿಗೆ ಅದಕ್ಕಿಂತ ದೊಡ್ಡ ಸಂಗತಿಯೊಂದು ನಡೆಯಬೇಕಿತ್ತು. ಸಾಹುಕಾರರು ಮಜ್ಜಿಗೆ ಕುಡಿಯುವವರಿದ್ದರು.

ಸಾಹುಕಾರರು ಅಂದರೆ ನನ್ನ ಗಂಡ. ಹೆಂಡತಿಯಾದವಳು ಬಾಯಿ ಬಿಟ್ಟು ಹೆಸರು ಹೇಳಬಾರದು, ಬರೆದರೆ ದೋಷವಿಲ್ಲ ಎಂಬುದು ನನ್ನದೇ ತೀರ್ಪು: ಶರಣಯ್ಯ, ಸೀರೆ ವ್ಯಾಪಾರಿ, ಬಜಾರಿನ ಮೂಲೆ ಅಂಗಡಿ. ನಾಲ್ಕೂವರೆ ವರ್ಷದ ಹಿಂದೆ, ಚಳವಳಿಯ ಮೊದಲ ಬಿಸಿಯಲ್ಲಿ, ಇವರು ಚೌಕದಲ್ಲಿ ನಿಂತು ಶಪಥ ಮಾಡಿದ್ದರು. ರಾಜ್ಯ ಬರುವ ತನಕ ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಯಾವುದನ್ನೂ ಮುಟ್ಟುವುದಿಲ್ಲ! ಬೇರೆಯವರು ಗಡ್ಡ ಬಿಟ್ಟರು, ಚಪ್ಪಲಿ ಬಿಟ್ಟರು. ಗಡ್ಡದವರು ಮದುವೆ ಸೀಸನ್ ಬಂದೊಡನೆ ಕ್ಷೌರದಂಗಡಿಗೆ ನುಗ್ಗಿದರು. ಚಪ್ಪಲಿಯವರು ಬೇಸಿಗೆ ಬಂದೊಡನೆ ಮೆಟ್ಟಿಕೊಂಡರು. ಸಾಹುಕಾರರು ಮಾತ್ರ ಅಲ್ಲಾಡಲಿಲ್ಲ. ಮನೆಯ ಎಮ್ಮೆಗೆ ರಾಜಕೀಯ ತಿಳಿಯದು, ಅದು ಹಾಲು ಕೊಡುತ್ತಲೇ ಇತ್ತು. ಅವರ ಪಾಲನ್ನು ಚೆಲ್ಲಲಾದೀತೇ? ನಾನೇ ಕುಡಿದೆ. ರಾಜ್ಯದ ಹೋರಾಟದಲ್ಲಿ ಬಸವೇಶ್ವರಿ ಎಂಬವಳೂ ಇದ್ದಳು ಎಂಬುದಕ್ಕೆ ನನ್ನ ಸೊಂಟವೇ ಸಾಕ್ಷಿ.

ಚೌಕದಲ್ಲಿ ಮೇಜು, ಮೇಜಿನ ಮೇಲೆ ಹಾಲಿನಂಥ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಬಿಳಿ ಪಿಂಗಾಣಿ ಬಟ್ಟಲು, ಬಟ್ಟಲಲ್ಲಿ ಮಜ್ಜಿಗೆ. ನಮಗೆ ಸೀರೆ ನೇಯ್ದು ಕೊಡುವ ಬಾಲಯ್ಯ "ಕುಡೀರಿ ಸಾವ್ಕಾರ್ರಾ" ಅಂದ. ಸಾಹುಕಾರರು ಕೈ ಚಾಚಿದರು. ಕೈ ಬಟ್ಟಲಿನ ಎಡಕ್ಕೆ ಹೋಯಿತು. ಗಾಳಿ ಹಿಡಿಯಿತು. ವಾಪಸು ಬರುವಾಗ ಮೊಣಕೈ ತಾಗಿ ಬಟ್ಟಲು ಉರುಳಿತು.

ಮಜ್ಜಿಗೆ ಬಿಳಿ ಬಟ್ಟೆಯ ತುಂಬ ಹರಿಯಿತು. ಆಮೇಲೆ ಇವರು ಎದೆ ಸೆಟೆಸಿ ಕೂಗಿದರು: "ಹಿಂಗ ಸುಮ್ನ ಕುಡಿಯಾಂವ ಅಲ್ಲ ನಾ! ರಾಜ್ಯ ಬಂತು, ಛಲೋ ಆತು. ನಮ್ಮ ನಾರಾಯಣಪೇಟಿ ಜಿಲ್ಲಾ ಆಗಬೇಕು! ಅಲ್ಲೀತನಾ ಮಜ್ಜಿಗಿ ಮುಟ್ಟಂಗಿಲ್ಲ!"

ಚಪ್ಪಾಳೆಯೋ ಚಪ್ಪಾಳೆ. ಪಟಾಕಿ ಬೇರೆ. ನಾನು ಚಪ್ಪಾಳೆ ತಟ್ಟಲಿಲ್ಲ. ಬೆಳಗಿನ ಹತ್ತರ ಬಿಸಿಲಲ್ಲಿ ಆ ಕೈ, ಕತ್ತಲಲ್ಲಿ ಬೆಂಕಿಪೊಟ್ಟಣ ಹುಡುಕುವ ಕೈಯ ಹಾಗೆ ಹೋದದ್ದನ್ನು ನಾನು ನೋಡಿದ್ದೆ.

ಜೂನ್ 11

ಹಗಲೆಲ್ಲ ಕರೆಂಟಿಲ್ಲ. ಇದರಿಂದ ಊರಿಗೆಲ್ಲ ಕಷ್ಟ, ಸಾಹುಕಾರರಿಗೆ ಮಾತ್ರ ಅನುಕೂಲ. ಹೊಸ್ತಿಲು ಎಡವಿದರೆ ಕರೆಂಟಿನ ತಪ್ಪು. ಅನ್ನದ ಮೇಲೆ ಉಪ್ಪು ಬಡಿಸಿದ್ದು ಕಾಣದೆ ಮತ್ತೆ ಉಪ್ಪು ಕೇಳಿದರೆ ಕರೆಂಟಿನ ತಪ್ಪು. ನಿನ್ನೆ ಅಂಗಳದಲ್ಲಿ, ಮೇಲೆ ಸೂರ್ಯ ಉರಿಯುತ್ತಿರುವಾಗ, ಬೂದುಬಣ್ಣದ ಬೆಕ್ಕನ್ನು ತುಳಿದು "ಥೂ ಇದರ, ಕರೆಂಟ್ ಯಾವಾಗ ಬರ್ತದೋ!" ಎಂದರು. ಬೆಕ್ಕು ಕೂಡ ನಂಬಲಿಲ್ಲ.

ಕಾಲು ಜುಮ್ಮೆನ್ನುತ್ತದಂತೆ. ಅದು ಮಾತ್ರ ಕರೆಂಟಿಲ್ಲದೆಯೇ ಹೊಡೆಯುವ ಕರೆಂಟು ಎಂದೆ. ನಗಲಿಲ್ಲ.

ಬಜಾರಿನ ಕನ್ನಡಕದ ಅಂಗಡಿಗೆ ಎಳೆದುಕೊಂಡು ಹೋದೆ. ಗೋಡೆಯ ಮೇಲಿನ ಅಕ್ಷರಗಳ ಪಟ್ಟಿಯನ್ನು ಕೊನೆಯ ಸಾಲಿನ ತನಕ, ಕೆಳಗೆ ಮುದ್ರಿಸಿದವನ ವಿಳಾಸ ಸಮೇತ ಓದಿಬಿಟ್ಟರು. ಕಣ್ಣು ಹದಿನೆಂಟರ ಹುಡುಗನದು ಎಂದು ಅಂಗಡಿಯವನು ಸರ್ಟಿಫಿಕೇಟು ಕೊಟ್ಟ. ದಾರಿಯುದ್ದಕ್ಕೂ ಅದನ್ನೇ ಕೇಳಿಸಿಕೊಂಡೆ. ಮನೆಗೆ ಬಂದು ಹದಿನೆಂಟರ ಹುಡುಗ ಹೊಸ್ತಿಲು ಎಡವಿದ.

ಜೂನ್ 28

ಬಾಲಯ್ಯ ಸೀರೆ ಕೊಡಲು ಬಂದವನು ಸುದ್ದಿಯೊಂದನ್ನೂ ತಂದ. ಗದ್ವಾಲದ ನೇಕಾರರ ಸಂಘದ ಸಭಾಂಗಣದಲ್ಲಿ ಸರಿತಾ ಎಂಬ ಹುಡುಗಿ ಬಂದು ಕೂತಿದ್ದಾಳೆ. ಅಲ್ಲಿಯ ನೇಕಾರರ ಮನೆಯವಳೇ, ಈಗ ಹೈದರಾಬಾದಿನಲ್ಲಿ ಕಣ್ಣಿನ ಮೇಲೆ ಸಂಶೋಧನೆ ಮಾಡುತ್ತಾಳೆ. ನೂಲಿನ ಜೊತೆ ಬದುಕುವವರ ಕಣ್ಣು ಮಸುಕು ಗೆರೆಗಳನ್ನು ಎಷ್ಟರ ಮಟ್ಟಿಗೆ ಹಿಡಿಯುತ್ತದೆಂದು ತಲೆಗೆ ತಂತಿ ಹಚ್ಚಿ ಅಳೆಯುತ್ತಾಳಂತೆ.

"ಗದ್ವಾಲದವ್ರ ಕಣ್ಣ ಭಾಳ ಚುರುಕು ಅಂತ ಬರಾಕತ್ತೈತಂತ್ರಿ," ಅಂದ ಬಾಲಯ್ಯ. ಅವನಿಗೆ ಗೊತ್ತು ಎಲ್ಲಿ ಚುಚ್ಚಬೇಕೆಂದು.

"ಯಾರು? ಗದ್ವಾಲದವ್ರು?" ಸಾಹುಕಾರರು ಗಾದಿಯಿಂದ ಅರ್ಧ ಎದ್ದರು. "ಒಂದು ಸೀರಿಗೆ ಮೈ ಹತ್ತೀದು, ಅಂಚು ರೇಶ್ಮೀದು ಮಾಡಿ ಹೊಲಿಗಿ ಹಾಕಿದಂಗ ಜೋಡಸ್ತಾರ, ಅವರ ಕಣ್ಣೇನು ಚುರುಕು? ನಮ್ಮ ಚೌಕಡಿ ಸೀರಿ ನೋಡಿದ ಕಣ್ಣು ಬರ್ಲಿ ಅಂತ ಹೇಳು!"

ಹೀಗೆ ವಿಜ್ಞಾನವು ಕುಸ್ತಿಯಾಯಿತು. ನಾರಾಯಣಪೇಟೆಯ ಪರವಾಗಿ ಇವರು ಅಖಾಡಕ್ಕೆ ಇಳಿಯುತ್ತಾರೆ. ನಾನು ಬೇಡವೆನ್ನಲಿಲ್ಲ. ಡಾಕ್ಟರ ಹತ್ತಿರ ಬಾರದ ಮನುಷ್ಯ ಪಂದ್ಯಕ್ಕಾದರೂ ಬರುತ್ತಾನಲ್ಲ.

ಜುಲೈ 6, ಭಾನುವಾರ. ಗದ್ವಾಲದಿಂದ ಬಂದು

ಬಹಳ ಬರೆಯಬೇಕಿದೆ.

ಬೆಳಗಿನ ಬಸ್ಸು, ಬಾಲಯ್ಯನೂ ಜೊತೆಗೆ. ಮಕ್ತಲದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ, ಕೃಷ್ಣೆಯ ಮೇಲಿನ ಜುರಾಲಾ ಅಣೆಕಟ್ಟು ದಾಟಿ ಗದ್ವಾಲ. ಪಂದ್ಯಕ್ಕೆ ಹೊರಟ ಪೈಲ್ವಾನರು ಹರಳೆಣ್ಣೆಯನ್ನು ನೆತ್ತಿಯಿಂದ ಕುತ್ತಿಗೆಯ ತನಕ ತೊಯ್ಯುವಂತೆ ಹಚ್ಚಿಕೊಂಡಿದ್ದರು. ಕಣ್ಣಿಗೆ ತಂಪು, ಅದರಿಂದ ದೃಷ್ಟಿ ಚುರುಕು ಎಂಬ ಲೆಕ್ಕ. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಗಟ್ಟಿಯಾಗಿ.

ಸರಿತಾ ತೆಳ್ಳಗಿನ ಹುಡುಗಿ, ಜಡೆಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಳು. ಇವರ ತಲೆ ಮುಟ್ಟಿದ ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. ಬೆರಳಿನಿಂದ ಎಣ್ಣೆ ತೊಟ್ಟಿಕ್ಕಿತು.

"ಅಯ್ಯೋ ಸಾರ್! ಇಷ್ಟು ನೂನೆ ಇದ್ರೆ ತಂತಿ ಕೂಡಂಗಿಲ್ಲ. ನಿಮ್ಮ ತಲಿ ಹೇಳೋದು ನನಗ ಕೇಳಂಗಿಲ್ಲ."

"ಏನ್ ಕೇಳಬೇಕೋ ನನ್ನ ಕೇಳವ್ವ, ಹೇಳ್ತೀನಿ."

"ನಿಮ್ಮನ್ನ ಅಲ್ಲ ಸಾರ್. ತಲೀನ ಕೇಳಬೇಕು."

ಗದ್ವಾಲದ ನೇಕಾರರು ಸುತ್ತ ನಿಂತು ನೋಡುತ್ತಿರುವಾಗ, ಸಭಾಂಗಣದ ಹಿಂದಿನ ಬೋರ್‌ವೆಲ್ಲಿನ ಕೆಳಗೆ ನಾರಾಯಣಪೇಟೆಯ ಮಾನವು ಶಾಂಪೂ ಹಚ್ಚಿಕೊಂಡು ಕೂತಿತು. ಬಾಲಯ್ಯ ಹ್ಯಾಂಡಲ್ ಹೊಡೆದ. ನಾನು ತಿಕ್ಕಿದೆ. ಮೂರನೆಯ ಸಲಕ್ಕೆ ಎಣ್ಣೆ ಬಿಟ್ಟಿತು, ಸಾಹುಕಾರರ ಮುಖದ ಕಳೆಯೂ ಅದರ ಜೊತೆಗೇ ಹೋಯಿತು.

ಮುಂದಿನ ಜಗಳ ವಿಭೂತಿಯದು. ಒಂದು ತಂತಿ ಹಣೆಗೆ ಅಂಟಿಸಬೇಕು. "ರಕ್ತಾ ಬೇಕಾದ್ರ ತಗೊ, ಇದನ್ನ ಒರಸಂಗಿಲ್ಲ!" ಎಂದು ಇವರು ಹಣೆಗೆ ಅಂಗೈ ಅಡ್ಡ ಹಿಡಿದರು. ಹುಡುಗಿ ವಾದಿಸಲಿಲ್ಲ. ಒಂದು ಗಳಿಗೆ ಯೋಚಿಸಿ, "ಕಿವಿಗೆ ಹಚ್ತೀನಿ ಸಾರ್, ಕಿವೀನೂ ನಡೀತದ" ಎಂದಳು. ನನಗೆ ಅವಳು ಅಲ್ಲೇ ಇಷ್ಟವಾದಳು. ಅಷ್ಟು ಓದಿಯೂ ಇಷ್ಟು ಬಾಗಬಲ್ಲವರನ್ನು ನಾನು ಹೆಚ್ಚು ಕಂಡಿಲ್ಲ.

ಕಿಟಕಿಗಳಿಗೆ ಚಾದರ ಕಟ್ಟಿ ಕೋಣೆ ಕತ್ತಲೆ ಮಾಡಿದ್ದರು. ತಲೆಯ ಹಿಂಭಾಗದ ಉಬ್ಬಿನ ಮೇಲೊಂದು ತಂತಿ, ನೆತ್ತಿಗೊಂದು, ಕಿವಿಗೊಂದು. ನೋಡುವ ಮಿದುಳು ಹಣೆಯ ಹಿಂದೆ ಇರುವುದಿಲ್ಲವಂತೆ, ಜಡೆ ಕಟ್ಟುವ ಜಾಗದಲ್ಲಿರುತ್ತದಂತೆ. ಇಷ್ಟು ವರ್ಷ ನಾನು ಅದರ ಮೇಲೆಯೇ ತುರುಬು ಹಾಕುತ್ತಿದ್ದೆ! ಎದುರಿಗಿನ ಪರದೆಯ ಮೇಲೆ ಗೆರೆಗಳು ಅದಲುಬದಲಾಗುತ್ತವೆ, ಕಪ್ಪಿದ್ದಲ್ಲಿ ಬಿಳಿ, ಬಿಳಿಯಿದ್ದಲ್ಲಿ ಕಪ್ಪು. ಮೊದಲು ಬೂದಿಯ ಮೇಲೆ ಬೂದಿಯಲ್ಲಿ ಎಳೆದಂತೆ ಮಸುಕು, ಆಮೇಲೆ ಮೆಲ್ಲಮೆಲ್ಲಗೆ ಗಾಢ. ಕಣ್ಣಿಗೆ ಗೆರೆ ದಕ್ಕಿದ ಕ್ಷಣದಿಂದ ಮಿದುಳು ಪ್ರತಿ ಬದಲಿಗೂ ಒಂದು ಪುಟ್ಟ ಮಿಂಚು ಬಿಡುತ್ತದೆ. ಆ ಮಿಂಚು ಎಷ್ಟು ಪುಟ್ಟದೆಂದರೆ, ಕಣ್ಣು ಮಿಟುಕಿಸಿದ್ದು, ಹಲ್ಲು ಕಚ್ಚಿದ್ದು, ಮೇಲಿನ ಫ್ಯಾನು ತಿರುಗಿದ್ದು ಎಲ್ಲ ಅದರೆದುರು ಸಿಡಿಲು.

"ಮತ್ತ ಹ್ಯಾಂಗವ್ವ ಹುಡುಕ್ತಿ?" ಎಂದು ಕೇಳಿದೆ.

"ಬಸ್‌ಸ್ಟ್ಯಾಂಡಿನ ಗದ್ದಲ್ದಾಗ ನಿಮ್ಮ ಮನಿಯವ್ರು ಒಂದೇ ತಾಳದಾಗ ನಿಮ್ಮ ಹೆಸರು ಕರೀತಾನೇ ಇದ್ರ ಹ್ಯಾಂಗ ಗುರ್ತು ಹಿಡೀತೀರಿ ಅಮ್ಮಾ? ಗದ್ದಲ ಒಮ್ಮೆ ಹಿಂಗ, ಒಮ್ಮೆ ಹಂಗ. ಕರೆಯೋದು ಮಾತ್ರ ಅದೇ ತಾಳ. ಮಷೀನು ಮತ್ತ ಮತ್ತ ಕೇಳ್ತದ. ಒಂದರ ಮ್ಯಾಲೊಂದು ಇಟ್ರ ಗದ್ದಲ ಗದ್ದಲಾನ್ನೇ ತಿಂತದ, ಕರೆಯೋದು ಉಳೀತದ."

ಇಷ್ಟು ಹೇಳುವಷ್ಟರಲ್ಲಿ ಕರೆಂಟು ಹೋಯಿತು. ಇಡೀ ಗದ್ವಾಲ ಬೈದುಕೊಂಡಿತು, ಸರಿತಾ ಮಾತ್ರ ಕೈ ತಟ್ಟಿದಳು. ಗೋಡೆಯೊಳಗಿನ ಕರೆಂಟು ಗುಂಯ್ಗುಟ್ಟುವುದೂ ಅವಳ ತಂತಿಗೆ ಕೇಳಿಸುತ್ತದಂತೆ. ಈಗ ಅದೂ ಬಂದ್. ಅವಳ ಯಂತ್ರವೂ ಪರದೆಯೂ ಬ್ಯಾಟರಿಯವು. ನಮ್ಮ ಹೊಸ ರಾಜ್ಯದಲ್ಲಿ ಕರೆಂಟು ಹೋದದ್ದಕ್ಕೆ ಖುಷಿಪಟ್ಟ ಏಕೈಕ ಪ್ರಜೆ.

"ಸಾರ್, ಕದಲೊದ್ದು. ಮಾತಾಡೊದ್ದು. ಗದ್ದ ಸಡಿಲ ಬಿಡ್ರಿ."

ಕದಲಬಾರದು, ಸರಿ. ಮಾತಾಡಬಾರದು? ನನ್ನ ಮದುವೆಯಾದಂದಿನಿಂದ ಈ ಮನುಷ್ಯನ ತಲೆಯಲ್ಲಿ ಏನಿದೆಯೆಂದು ನಾನು ತಿಳಿದದ್ದೆಲ್ಲ ಅವರ ಬಾಯಿಯ ಸುಂಕದ ಕಟ್ಟೆ ದಾಟಿ ಬಂದದ್ದು. ಸುಂಕ ಭಾರಿ, ಮಾಲು ಕಡಿಮೆ. ಆ ಕತ್ತಲಲ್ಲಿ, ಬಾಯಿ ಮುಚ್ಚಿಸಿ, ತಲೆಯಿಂದ ನೇರವಾಗಿ ಉತ್ತರ ತೆಗೆದುಕೊಂಡವಳು ಈ ಹುಡುಗಿ ಒಬ್ಬಳೇ. ಎದ್ದು ಆರತಿ ಬೆಳಗಬೇಕೆನ್ನಿಸಿತು. ಯಂತ್ರಕ್ಕೆ ತೊಂದರೆಯಾದೀತೆಂದು ಕೂತೆ.

ನಡುನಡುವೆ ಬಿಡುವು. ಬಿಡುವಿನಲ್ಲಿ ಅವಳು ಪರದೆಯ ಮೇಲೆ ಒಂದೊಂದು ಚಿತ್ರ ನಿಲ್ಲಿಸಿ ಕೇಳುತ್ತಿದ್ದಳು. "ಗೆರಿ ಕಾಣಿಸ್ತಾವಾ ಸಾರ್?"

"ಹೂಂ, ಕಾಣಸ್ತಾವ."

"ಈಗ?"

"ಇಷ್ಟು ದೊಡ್ಡವು ಕಾಣಂಗಿಲ್ಲೇನು? ಕಾಣಸ್ತಾವ!"

"ಈಗ?"

"ಕಾಣಸ್ತಾವ ಅಂದ್ನೆಲ್ಲ!"

ಮೂರನೆಯದರಲ್ಲಿ ನನಗೆ ಏನೂ ಕಾಣಲಿಲ್ಲ. ನನ್ನ ಕಣ್ಣೇ ಕೆಟ್ಟಿತೆಂದು ಸೆರಗಿನಿಂದ ಒರೆಸಿಕೊಂಡೆ. ಪರದೆ ಬರೀ ಬೂದಿ, ತೊಳೆದಿಟ್ಟ ಬೋಗುಣಿಯಂತೆ. ಸರಿತಾ ತಿರುಗಿ ನೋಡಿದಳು. ನಾನು ನೋಡಿದ್ದನ್ನು ಅವಳು ನೋಡಿದಳು. ಜಡೆಯ ಪೆನ್ಸಿಲ್ ತೆಗೆದು ಗುರುತು ಹಾಕಿಕೊಂಡಳು.

ಹೋಲಿಸಿ ನೋಡುವುದಕ್ಕೆಂದು ಬಾಲಯ್ಯನಿಗೂ ನನಗೂ ತಂತಿ ಹಚ್ಚಿದಳು. ಆಮೇಲೆ ಇವರು ಗದ್ವಾಲದವರಿಗೆ ಚೌಕಡಿ ಸೀರೆಯ ಮಹಿಮೆ ಸಾರುತ್ತಿರುವಾಗ ನನ್ನನ್ನು ಅಂಗಳಕ್ಕೆ ಕರೆದಳು. ಲ್ಯಾಪ್‌ಟಾಪಿನಲ್ಲಿ ಏರುವ ಗೆರೆಗಳು, ಎಡಕ್ಕೆ ಮಸುಕು, ಬಲಕ್ಕೆ ಗಾಢ. ಗೆರೆ ನೆಲ ಬಿಟ್ಟು ಏಳುವ ಜಾಗವೇ ಕಣ್ಣಿಗೆ ದಕ್ಕುವ ಅತಿ ಮಸುಕು. ನನ್ನದು ಎಡಗಡೆಯಲ್ಲೇ ಎದ್ದಿತ್ತು, ಬಾಲಯ್ಯನದೂ ಅಲ್ಲೇ ಆಸುಪಾಸು. ಇವರದು ಬಲಕ್ಕೆ, ಬಹಳ ಬಲಕ್ಕೆ, ಎಲ್ಲ ಮದುವೆಗಳಿಗೆ ಇವರು ಹೋಗುವಂತೆ ಊಟದ ಹೊತ್ತಿಗೆ.

"ಗ್ವಾಡಿ ಮ್ಯಾಲಿನ ಪಟ್ಟಿ ಅಂದ್ರ ಬಿಳೀದರ ಮ್ಯಾಲೆ ಕರೀದು. ಅದು ಕೂಗಿ ಹೇಳಿದಂಗ ಅಮ್ಮಾ, ಸಾರಿಗೆ ಕೇಳ್ತದ. ಪಿಸುಮಾತು ಕೇಳವಲ್ದು. ಉತ್ತರ ಸಣ್ಣದೂ ಐತಿ, ತಡಾನೂ ಐತಿ. ನಾ ಡಾಕ್ಟರ್ ಅಲ್ಲ, ರೋಗದ ಹೆಸರು ಹೇಳಂಗಿಲ್ಲ. ನರದ ಕಡೆ ತೋರಸ್ರಿ. ಲೇಟ್ ಮಾಡಬ್ಯಾಡ್ರಿ, ಹೋದದ್ದೆಲ್ಲಾ ತಿರುಗಿ ಬರ್ತದಂತ ಇಲ್ಲ."

"ಏನೂ ಇಲ್ಲದಾಗ ಕಾಣಸ್ತಾವ ಅಂದ್ರಲ್ಲವ್ವ."

"ಹೂಂ," ಅಂದಳು. "ಮಂದಿ ಮುಂದ ಹೇಳಂಗಿಲ್ಲ ಅಂತ ಸುಮ್ಮನಾದೆ."

ಬಸ್ಸಿನಲ್ಲಿ ಇವರು ಕೇಳಿದರು: "ಯಾರು ಗೆದ್ರು?"

"ಎಲ್ಲಾರದೂ ಹೈದರಾಬಾದಿಗೆ ಹೋಗಿ ಲೆಕ್ಕಾ ಆಗಬೇಕಂತ್ರಿ," ಅಂದೆ. ಜುರಾಲಾದ ನೀರು ನೋಡುತ್ತ ಕೂತೆ.

ಜುಲೈ 9

ಹೇಳಲಿಲ್ಲ.

ಜುಲೈ 25

ಇವತ್ತೂ ಹೇಳಲಿಲ್ಲ. ಬದಲಿಗೆ ಮೆಟ್ಟಿಲುಗಳ ಅಂಚಿಗೆಲ್ಲ ಹಳೆಯ ಸೀರೆಯ ಕೆಂಪು ಅಂಚು ಕತ್ತರಿಸಿ ಅಂಟಿಸಿದೆ. ಪಕ್ಕದ ಮನೆಯ ಬುಚ್ಚಮ್ಮ "ಏನಕ್ಕಾ, ಯಾವ ಹಬ್ಬ?" ಎಂದಳು. "ಮೆಟ್ಲಿನ ಹಬ್ಬ" ಅಂದೆ. ಅನ್ನಕ್ಕೆ ಬಿಳಿ ತಟ್ಟೆ ಬಿಟ್ಟು ಕಂಚಿನದು ತೆಗೆದೆ. ಅಂಗಡಿಯಲ್ಲಿ ನನಗೂ ಹೊತ್ತು ಹೋಗುತ್ತದೆಂದು ಮಧ್ಯಾಹ್ನ ಹೋಗಿ ಇವರ ಬಲಕ್ಕೆ ಕೂರುತ್ತೇನೆ. ಸೀರೆ ತೆಗೆಯುವಾಗ "ಆ ಬದನಿಕಾಯಿ ಬಣ್ಣದ್ದು ಭಾಳ ಛಲೋ ಐತಲ್ರಿ" ಎಂದು ಸುಮ್ಮನೆ ಹೊಗಳಿದಂತೆ ಬಣ್ಣದ ಹೆಸರು ಹೇಳಿಬಿಡುತ್ತೇನೆ. ಇವರು "ಅದನ್ನೇ ತೆಗೀತಿದ್ದೆ" ಎನ್ನುತ್ತಾರೆ.

ಆಗಸ್ಟ್ 11

ನಿನ್ನೆ ಊಟಕ್ಕೆಂದು ಮನೆಗೆ ಬಂದು ಒಂದು ಗಳಿಗೆ ತಡ ಮಾಡಿದೆ. ಅಷ್ಟೇ ಸಾಕಾಯಿತು.

ಇವತ್ತು ಬುಚ್ಚಮ್ಮನ ಮಗಳ ನಿಶ್ಚಿತಾರ್ಥ. ಕಡು ಹಸಿರು ಸೀರೆ ಬೇಕೆಂದಿದ್ದಳು. ಸಾಹುಕಾರರು ತಾವೇ ತೆಗೆದು, ತಾವೇ ಮಡಚಿ, ಅರಿಶಿನ ಕುಂಕುಮ ಹಚ್ಚಿ ಕಟ್ಟಿ ಕೊಟ್ಟರು. ಬೀಗರೆದುರು ಬಿಚ್ಚಿದರೆ ಕಪ್ಪು! ಅಮಾವಾಸ್ಯೆಯಂಥ ಅಚ್ಚ ಕಪ್ಪು. ವರನ ಅಜ್ಜಿ ಎದೆ ಹಿಡಿದುಕೊಂಡರಂತೆ.

ಬುಚ್ಚಮ್ಮ ಬಂದದ್ದು ಸೀರೆಯನ್ನು ಬಾವುಟದಂತೆ ಹಿಡಿದುಕೊಂಡು. "ಸಾವ್ಕಾರ್ರಾ, ನನ್ನ ಮಗಳಿಗಿ ಲಗ್ನಾ ಮಾಡಾಕ ಕೇಳಿದ್ದೆ, ಶನಿ ಶಾಂತಿಗಿ ಅಲ್ಲ!"

ಇವರು ಸೀರೆ ನೋಡಿದರು. ಬಾಗಿಲ ಬಿಸಿಲಿಗೆ ಹಿಡಿದು ನೋಡಿದರು. "ಇದು ಹಸರ ಅಲ್ಲೇನು?" ಎಂದು ನನ್ನನ್ನು ಕೇಳಲಿಲ್ಲ, ಬುಚ್ಚಮ್ಮನನ್ನೂ ಕೇಳಲಿಲ್ಲ, ಸೀರೆಯನ್ನೇ ಕೇಳಿದಂತೆ ಇತ್ತು. ಆಮೇಲೆ "ಹೊಸ ಫ್ಯಾಶನ್ನು..." ಎಂದು ಶುರು ಮಾಡಿ ನಡುವೆಯೇ ನಿಂತರು.

ನಾನು ಹಸಿರು ಸೀರೆ ತೆಗೆದುಕೊಂಡು ಬೀಗರ ಮನೆಗೇ ಹೋಗಿ, ಗಂಟು ಅದಲುಬದಲು ಆಯಿತು, ಕಟ್ಟಿದವಳು ನಾನೇ, ವಯಸ್ಸಾಯಿತು, ಕಣ್ಣು ಸಾಲದು ಎಂದೆ. ಅಜ್ಜಿ ನನ್ನ ಗಲ್ಲ ಹಿಡಿದು "ಡಾಕ್ಟರಿಗೆ ತೋರ್ಸು ತಾಯಿ" ಅಂದರು.

ಆಗಸ್ಟ್ 19, ಮಂಗಳವಾರ

ಇವತ್ತು ಇಡೀ ರಾಜ್ಯ ಮನೆಯಲ್ಲಿ ಕೂತಿತ್ತು. ಸರ್ಕಾರದ ಕುಟುಂಬ ಸರ್ವೆ. ಯಾರೂ ಹೊರಗೆ ಹೋಗುವಂತಿಲ್ಲ, ಅಂಗಡಿ ಬಂದ್, ಬಸ್ಸು ಬಂದ್. ಇವರು ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದ ದಿನ. ಸರ್ಕಾರಕ್ಕೆ ನಾನು ಋಣಿ.

ಲೆಕ್ಕಕ್ಕೆ ಬಂದ ಮೇಷ್ಟ್ರು ಎಮ್ಮೆ ಎಷ್ಟು, ಗಾಡಿ ಎಷ್ಟು ಎಂದೆಲ್ಲ ಕೇಳಿ, "ಮನ್ಯಾಗ ಯಾರಿಗರ ಕಣ್ಣು, ಕಿವಿ, ಕೈಕಾಲಿನ ತ್ರಾಸು?" ಎಂದರು.

"ಯಾರಿಗೂ ಇಲ್ರಿ. ಎಲ್ಲಾ ಗಟ್ಟಿ ಅದೀವಿ," ಎಂದರು ಇವರು.

ಮೇಷ್ಟ್ರು ಹೋದ ಮೇಲೆ ನಾನು ಬಾಗಿಲು ಹಾಕಿದೆ.

"ಗದ್ವಾಲದಾಗ ಒಂದ್ಸಲ ಆ ಹುಡುಗಿ ಏನೂ ಹಾಕಿದ್ದಿಲ್ರಿ."

"ಏನು ಹಾಕಿದ್ದಿಲ್ಲ?"

"ಗೆರಿ. ಬರೇ ಬೂದಿ ಬಣ್ಣ ಇತ್ತು. ನೀವು ಕಾಣಸ್ತಾವ ಅಂದ್ರಿ."

ಎಮ್ಮೆ ಮೆಲುಕು ಹಾಕುವುದು ಕೇಳುತ್ತಿತ್ತು. ಊರೆಲ್ಲ ಅಷ್ಟು ನಿಶ್ಶಬ್ದ.

"ನೀ ನೋಡಿದ್ಯಾ?"

"ನೋಡೀನಿ."

"ಅವತ್ತಿಂದ ಗೊತ್ತಿದ್ದೂ ಸುಮ್ಮನಿದ್ಯಾ?"

"ಹೂಂ."

ಆಮೇಲೆ ಮೆಲ್ಲಗೆ ಕೇಳಿದರು: "ಬಣ್ಣ ಕಾಣದಾಂವ ಸೀರಿ ಅಂಗಡ್ಯಾಗ ಕುಂತ್ರ, ಅಂವ ಏನಂತ ಉಳೀತಾನ, ಬಸ್ವಿ?"

ನನಗೆ ಹಾಸ್ಯ ಹೊಳೆಯಲಿಲ್ಲ. ಹೊಳೆದಿದ್ದರೆ ಇಲ್ಲಿ ಬರೆಯುತ್ತಿದ್ದೆ.

ಇವರೇ ಎದ್ದು, ಕೆಂಪು ಅಂಚಿನ ಮೆಟ್ಟಿಲನ್ನು ಬೆರಳಿನಿಂದ ಸವರಿ ಕೇಳಿದರು. "ಇದನ್ನ ಹಚ್ಚಿದ್ದು ನನಗಾ?"

"ಮತ್ತ್ಯಾರಿಗ್ರಿ? ಎಮ್ಮಿ ಮ್ಯಾಲೆ ಹತ್ತತದೇನು?"

"ಛಲೋ ಆಗೇದ," ಅಂದರು.

ಆಗಸ್ಟ್ 28. ರಾಯಚೂರಿನಿಂದ ಬಂದು

ಕೃಷ್ಣೆಯ ಸೇತುವೆ ದಾಟಿ ಇಬ್ಬರೇ ಹೋದೆವು. ಡಾಕ್ಟರು ಕಣ್ಣು ನೋಡಿದರು, ಮೊಣಕಾಲಿಗೆ ರಬ್ಬರಿನ ಸುತ್ತಿಗೆ ಬಡಿದರು, ಪಾದಕ್ಕೆ ಗುಂಯ್ ಎನ್ನುವ ಕವಲುಕಡ್ಡಿ ಇಟ್ಟರು. ರಕ್ತ ತೆಗೆದರು. ಸಂಜೆ ವರದಿ ಬಂದ ಮೇಲೆ ಕೇಳಿದರು: "ಊಟ ಏನ್ ಮಾಡ್ತೀರಿ?"

"ಶುದ್ಧ ಶಾಕಾಹಾರ್ರಿ," ಇವರು ಹೆಮ್ಮೆಯಿಂದ ಅಂದರು.

"ಹಾಲು? ಮೊಸರು?"

ಇವರು ಮೇಲಿನ ಫ್ಯಾನು ನೋಡಿದರು. ನಾನೇ ಹೇಳಬೇಕಾಯಿತು, ಚೌಕ, ಶಪಥ, ರಾಜ್ಯ, ಉರುಳಿದ ಬಟ್ಟಲು, ಜಿಲ್ಲೆ, ಎಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟರು.

ನರಗಳಿಗೆ ಬೇಕಾದ ಒಂದು ವಿಟಮಿನ್ ಇದೆಯಂತೆ. ಮಾಂಸ ಮೊಟ್ಟೆ ತಿನ್ನದವರಿಗೆ ಅದು ದಕ್ಕುವುದು ಹಾಲು ಮೊಸರಿನಿಂದಲೇ. ಮೈಯಲ್ಲಿ ಕೂಡಿಟ್ಟದ್ದು ಕೆಲವು ವರ್ಷ ಬರುತ್ತದೆ, ಆಮೇಲೆ ಬರಿದು. ಕಾಲಿನ ಜುಮ್ಮೂ ಅದೇ, ಕಣ್ಣಿನ ಮಸುಕೂ ಅದೇ.

"ರಾಜ್ಯಕ್ಕ ಯಾರ್ಯಾರೋ ಏನೇನೋ ಕೊಟ್ಟಾರ್ರಿ," ಎಂದರು ಡಾಕ್ಟರು. "ನರ ಕೊಟ್ಟಾಂವ ನೀವೊಬ್ಬರ."

ನಗಬಾರದಿತ್ತು. ನಕ್ಕುಬಿಟ್ಟೆ. ಆಮೇಲೆ ಅದೇ ನಗು ಬೇರೆಯೇ ಆಗಿ ಸೆರಗು ಬಾಯಿಗೆ ಹಿಡಿದುಕೊಂಡೆ. ಒಬ್ಬ ಮನುಷ್ಯ ಆಡಿದ ಮಾತಿಗೆ ಇಷ್ಟು ನಿಲ್ಲುತ್ತಾನೆಯೇ? ಗಡ್ಡದವರೆಲ್ಲ ಬೋಳಿಸಿಕೊಂಡರಲ್ಲ.

ಗೋಡೆಯ ಪಟ್ಟಿಯನ್ನೆಲ್ಲ ಓದುವವರು ಇಷ್ಟು ಬೇಗ ಹೇಗೆ ಬಂದಿರಿ ಎಂದು ಡಾಕ್ಟರು ಕೇಳಿದರು. ಸರಿತಾ ಅಚ್ಚು ಹಾಕಿ ಕೊಟ್ಟಿದ್ದ ಹಾಳೆ ತೋರಿಸಿದೆ. ಬಹಳ ಹೊತ್ತು ನೋಡಿದರು. "ಈ ಹುಡುಗಿ ಕೇಳಿದಂಗ ನಾವು ಕೇಳಂಗಿಲ್ರಿ," ಎಂದರು. ಹೆಚ್ಚು ಪಾಲು ತಿರುಗಿ ಬರಬಹುದು, ಪೂರ್ತಿ ಎಂದು ಮಾತು ಕೊಡುವುದಿಲ್ಲ. ಇಂಜೆಕ್ಷನ್ ತಪ್ಪಿಸಬಾರದು, ಹಾಲು ಮೊಸರು ಶುರುಮಾಡಬೇಕು.

"ಇಂಜೆಕ್ಷನ್ ಎಷ್ಟರ ಹಾಕ್ರಿ," ಎಂದರು ಇವರು. "ಮಜ್ಜಿಗಿ ಮಾತ್ರ ಆಗಂಗಿಲ್ಲ. ಊರ ಮುಂದ ಮಾತು ಕೊಟ್ಟೀನಿ."

ಈಗಷ್ಟೇ ಹೊಗಳಿದೆನಲ್ಲ, ಅದನ್ನು ಅರ್ಧ ವಾಪಸು ತೆಗೆದುಕೊಂಡಿದ್ದೇನೆ.

ಸೆಪ್ಟೆಂಬರ್ 14

ಇಂಜೆಕ್ಷನ್. ಚೌಕದಲ್ಲಿ ಕೇಳಿದವರಿಗೆ "ತಾಕತ್ತಿಂದು" ಎನ್ನುತ್ತಾರೆ. ಮೂರು ಕಡೆಯ ಗಿರಾಕಿ ಒಟ್ಟಿಗೇ ಬಂದು ಮಧ್ಯಾಹ್ನದ ಊಟ ಸಂಜೆಗೆ.

ಅಕ್ಟೋಬರ್ 3, ದಸರೆ

ಕಾಲಿನ ಜುಮ್ಮು ಕಡಿಮೆ. ಬನ್ನಿ ಕೊಡಲು ಬಂದವರಲ್ಲಿ ಅರ್ಧ ಜನ ಎಲೆಯನ್ನು ಮೊದಲು ನನ್ನ ಕೈಗೆ ಕೊಟ್ಟರು. ಸೋಲಾಪುರದ ವ್ಯಾಪಾರಿ "ಸಾವ್ಕಾರ್ತಿ" ಎಂದು ಫೋನಿನಲ್ಲಿ ನನ್ನನ್ನೇ ಕೇಳಿದ. ಈಗ ನನ್ನಲ್ಲಿರುವ ಅಂಗಡಿಯ ಬೀಗದ ಕೈ ಸೊಂಟದಲ್ಲಿ ಒತ್ತಿ ಕಲೆಯಾಗಿದೆ, ಬೇರೆ ಕಡೆ ಸಿಕ್ಕಿಸಿಕೊಳ್ಳಬೇಕು.

ಇವರು ಈಗ ಸೀರೆಯನ್ನು ಕಣ್ಣಿಗಿಂತ ಮೊದಲು ಬೆರಳಿನಿಂದ ನೋಡುತ್ತಾರೆ. ಗಿರಾಕಿಗಳೆದುರೇ "ಇದು ಯಾವ ಬಣ್ಣ?" ಎಂದು ನನ್ನನ್ನು ಕೇಳುತ್ತಾರೆ. ಮೊದಲ ದಿನ ಹಾಗೆ ಕೇಳಿದಾಗ ನನಗೇ ಉತ್ತರ ತಡವಾಯಿತು.

ಬಾಲಯ್ಯನಿಗೆ ಇವರೇ ಎಲ್ಲ ಹೇಳಿದ್ದಾರೆ. ಅವನು ನಗಲಿಲ್ಲವಂತೆ. "ಮಜ್ಜಿಗಿ ಉಳ್ಳಿದ್ದು ನೋಡೀನ್ರಿ ನಾ. ಹೇಳಾಕ ಬಾಯಿ ಬರಲಿಲ್ಲ" ಅಂದನಂತೆ. ಎಲ್ಲರ ಬಾಯಿಗೂ ಒಂದು ತಂತಿ ಬೇಕಿದೆ.

ನವೆಂಬರ್ 16, ಭಾನುವಾರ

ಗದ್ವಾಲ, ಎರಡನೆಯ ಸಲ. ಸರಿತಾ ತಾನೇ ಫೋನು ಮಾಡಿ ಕರೆದಿದ್ದಳು. ಈ ಸಲ ತಲೆ ಒಣ ತೆಂಗಿನ ನಾರು, ಒಂದು ಹನಿ ಎಣ್ಣೆಯಿಲ್ಲ. ವಿಭೂತಿ ಅಷ್ಟೇ ಗಟ್ಟಿ. ಅವಳೂ ಕೇಳದೆಯೇ ಕಿವಿ ಹಿಡಿದಳು. ಕರೆಂಟು ಇತ್ತು, ಅವಳೇ ಮೇನ್ ಆಫ್ ಮಾಡಿಸಿದಳು.

ಪಂದ್ಯದ ಮಾತಿಲ್ಲ. ಗದ್ದ ಸಡಿಲ ಬಿಟ್ಟು, ಕಣ್ಣು ನೆಟ್ಟು, ಇವರು ಕೂತದ್ದು ಪೂಜೆಗೆ ಕೂತಂತಿತ್ತು. ಕತ್ತಲಲ್ಲಿ ಆ ಬೆನ್ನು ನೋಡುತ್ತ ನಾನು ಹಿಂದೆ ಕೂತೆ. ಹಳೇ ಚೀಲದಲ್ಲಿ ಅಂಗಡಿಯ ಲೆಕ್ಕದ ಪುಸ್ತಕ ತಂದಿದ್ದೆ, ತೆಗೆಯಲಾಗಲಿಲ್ಲ.

ಬಿಡುವು ಬಂತು. "ಗೆರಿ ಕಾಣಿಸ್ತಾವಾ ಸಾರ್?"

"ಹೂಂ. ಅಡ್ಡ ಅದಾವ."

"ಈಗ?"

"ಅದಾವ. ಭಾಳ ತೆಳು. ಅದಾವ."

"ಈಗ?"

ಇವರು ಮುಂದೆ ಬಾಗಿದರು. ತಂತಿಗಳು ಎಳೆದವು. ನನಗೆ ಪರದೆ ಕಾಣುತ್ತಿತ್ತು. ಉಸಿರು ಬಿಡಲಿಲ್ಲ. ಬಿಟ್ಟರೆ ಯಂತ್ರಕ್ಕೆ ಕೇಳೀತು ಎನ್ನುವಂತೆ.

"ಇಲ್ಲವ್ವ," ಎಂದರು. ಮತ್ತೆ ಹೇಳಿದರು. "ಏನೂ ಕಾಣವಲ್ದು ನನಗ."

"ಕಾಣಬಾರದೇ ಸಾರ್," ಅಂದಳು ಸರಿತಾ. "ಏನೂ ಹಾಕಿಲ್ಲ."

ಇವರು ತಲೆಯ ತಂತಿಗಳ ಸಮೇತ ಹಿಂದೆ ತಿರುಗಿ ಕತ್ತಲಲ್ಲಿ ನನ್ನನ್ನು ಹುಡುಕಿದರು. ನಾನು ಉಟ್ಟದ್ದು ಕಂದು ಸೀರೆ, ಕೂತದ್ದು ಕಂದು ಗೋಡೆಗೆ. ಆದರೂ ಸಿಕ್ಕಿದೆ.

ಗೆರೆ ಎಡಕ್ಕೆ ಸರಿದಿದೆ. ನನ್ನದರ ತನಕ ಅಲ್ಲ, ಅರ್ಧ ದಾರಿಗಿಂತ ಸ್ವಲ್ಪ ಆಚೆ. ಈಗ ಊಟದ ಹೊತ್ತಿಗಲ್ಲ, ಅಕ್ಷತೆಯ ಹೊತ್ತಿಗೆ ಬರುತ್ತದೆ. ಸರಿತಾ ಎರಡೂ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದಳು, ಮಗ್ಗದಿಂದ ಈಗಷ್ಟೇ ಇಳಿಸಿದ ಸೀರೆ ತೋರಿಸುವವರ ಸಂಭ್ರಮದಿಂದ. ಅವಳಿಗೊಂದು ಚೌಕಡಿ ಸೀರೆ ಒಯ್ದಿದ್ದೆ. ಗದ್ವಾಲದ ಹುಡುಗಿ ನಾರಾಯಣಪೇಟೆಯ ಸೀರೆಯನ್ನು ಬೆಳಕಿಗೆ ಹಿಡಿದು, "ಕರಿ ಬಿಳಿ ಚೌಕಡಿ! ಅಮ್ಮಾ, ಇದು ನನ್ನ ಪರದೆ!" ಎಂದು ನಕ್ಕಳು.

ಮಕ್ತಲದಲ್ಲಿ ಬಸ್ಸು ಬದಲಿಸಬೇಕು. ನಿಲ್ದಾಣದ ಪಕ್ಕ ಮಜ್ಜಿಗೆಯ ಅಂಗಡಿ. ಬಿಳಿ ಸುಣ್ಣ ಹೊಡೆದ ಕಟ್ಟೆ, ಅದರ ಮೇಲೆ ಬಿಳಿ ಕಾಗದದ ಲೋಟ. ಇವರು ಹೋಗಿ ನಿಂತು "ಒಂದು ಕೊಡಪಾ" ಅಂದರು. ನಾನು ನೆರವಿಗೆಂದು ಒಂದು ಹೆಜ್ಜೆ ಹೋದವಳು ನಿಂತೆ.

ಅಷ್ಟರಲ್ಲಿ, ಜೂನಿನಲ್ಲಿ ಚೌಕದಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದ ನಮ್ಮೂರ ಎಲ್ಲಪ್ಪ ಬಸ್ಸಿನ ಕಿಟಕಿಯಿಂದ ಕೂಗಿದ: "ಏನ್ ಸಾವ್ಕಾರ್ರಾ! ಜಿಲ್ಲಾ ಆತೇನು?"

ಬಸ್ಸಿನ ಆ ಬದಿಯ ಕಿಟಕಿಗಳಲ್ಲೆಲ್ಲ ಮುಖಗಳು ಮೂಡಿದವು.

ಇವರು ಕಟ್ಟೆಯ ಮೇಲೆ ಬೆರಳಿಟ್ಟರು. ಸರಿಸುತ್ತ ಹೋದರು. ಬೆರಳು ಲೋಟಕ್ಕೆ ತಾಗಿದ ಮೇಲೆ ಕೈಯಲ್ಲಿ ಹಿಡಿದರು. ಹುಡುಕುವುದನ್ನು ಯಾರಿಂದಲೂ ಮುಚ್ಚಿಡಲಿಲ್ಲ.

"ಆಗ್ತದೋ ಎಲ್ಲಪ್ಪಾ," ಎಂದರು. "ಆದ ದಿನ ಅದನ್ನ ನೋಡಾಕ ಕಣ್ಣು ಬೇಕಲ್ಲ!"

ಒಂದೇ ಗುಟುಕಿಗೆ ಕುಡಿದರು. ಮೀಸೆಯೆಲ್ಲ ಬಿಳಿ. ಇನ್ನೊಂದು ಕೇಳಿದರು.

ನಾಳೆ ಸೋಲಾಪುರದವರು ಬರುತ್ತಾರೆ, ಅಂಗಡಿ ಬೇಗ ತೆಗೆಯಬೇಕು. ತಾವೂ ಬರಲೇ ಎಂದು ಇವರು ಕೇಳಿದರು. ಬರ್ರಿ ಅಂದೆ, ನನ್ನ ಬಲಕ್ಕೆ ಜಾಗ ಐತಿ.

ಎಮ್ಮೆಯ ಹಾಲಿನಲ್ಲಿ ಇವತ್ತಿನಿಂದ ನನಗೆ ಅರ್ಧ ಪಾಲು ಮಾತ್ರ. ರಾಜ್ಯಗಳೇ ಪಾಲಾದ ವರ್ಷ. ದೂರುವುದು ಸರಿಯಲ್ಲ.